ಶುಕ್ರವಾರದ ಎರಡು ಟಿಕೆಟ್

ಆ ಎರಡು ಟಿಕೆಟ್ ತಂದುಕೊಟ್ಟವಳು ನಾನೇ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೇಳಬೇಕಾದ ಹೊತ್ತಿನಲ್ಲಿ ಹೇಳದೆ ನಲವತ್ತು ದಿನ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದವಳು ನಾನು.

ನನ್ನ ತಮ್ಮ ರಮಿಲ್‌ಗೂ ಗ್ಲೆಂಡಾಳಿಗೂ ಮದುವೆಯಾಗಿ ಹದಿನೈದು ವರ್ಷ. ಈ ಹದಿನೈದು ವರ್ಷದಲ್ಲಿ ಅವರಿಬ್ಬರೇ ಎಲ್ಲಿಗೂ ಹೋದವರಲ್ಲ. ಶೂ ಹೊಲಿಯುವವರ ಊರಾದ ಮರಿಕಿನಾದ ನಮ್ಮ ಬೀದಿಯಲ್ಲಿ ಯಾರೂ ಹಾಗೆ ಹೋಗುವುದಿಲ್ಲ ಬಿಡಿ. ಒಬ್ಬರು ಚಪ್ಪಲಿ ಮೆಟ್ಟಿದರೆ ಮನೆಮಂದಿಯೆಲ್ಲ ಗಾಡಿ ಹತ್ತುತ್ತಾರೆ. ಮದುವೆಯಾದ ವಾರ ಇಬ್ಬರೂ ಬಾಗ್ಯೊ ಬೆಟ್ಟಕ್ಕೆ ಹೋದಾಗಲೂ ಜೊತೆಗೆ ಅಮ್ಮ ಇದ್ದಳು, ನಾನಿದ್ದೆ, ಅನ್ನದ ಕುಕ್ಕರೂ ಇತ್ತು. ಇದ್ದದ್ದು ಒಂದೇ ಕೋಣೆ. ಮದುಮಗಳು ಅತ್ತೆಯ ಪಕ್ಕದಲ್ಲಿ ಮಲಗಿದಳು, ಮದುಮಗ ಬಾಗಿಲ ಹತ್ತಿರ ಚಾಪೆ ಹಾಸಿಕೊಂಡ. ಅದರಲ್ಲಿ ತಪ್ಪೇನಿದೆ ಎಂದು ಆಗ ನಮಗೆ ಯಾರಿಗೂ ಅನ್ನಿಸಲಿಲ್ಲ.

ಈ ವರ್ಷ ನನಗೆ ಅನ್ನಿಸಿತು. ಅಮ್ಮನಿಗೆ ಸೊಂಟದ ಆಪರೇಷನ್ ಆದಮೇಲೆ ಅವಳಿಗೆ ಸ್ನಾನ ಮಾಡಿಸುವುದು, ಬಟ್ಟೆ ಹಾಕುವುದು, ಕಾಲು ಒತ್ತುವುದು ಎಲ್ಲ ಗ್ಲೆಂಡಾಳದೇ. ನಾನು ಹೊಲಿಗೆ ಮಷೀನ್ ಬಿಟ್ಟೇಳುವವಳಲ್ಲ. ಶಾಲಾ ಸಮವಸ್ತ್ರದ ಆರ್ಡರ್ ನನ್ನ ಕತ್ತು ಹಿಡಿದಿರುತ್ತದೆ. ರಮಿಲ್ ಬೆಳಗ್ಗೆ ನಾಲ್ಕಕ್ಕೆ ಎದ್ದು ಶಾಲೆಯ ಮಕ್ಕಳನ್ನು ವ್ಯಾನಿನಲ್ಲಿ ತುಂಬಿಕೊಂಡು ಹೋದರೆ, ಸಂಜೆ ಬೇಕರಿಯ ಸಾಮಾನು ಹಾಕಿ ಮನೆ ಸೇರುವಷ್ಟರಲ್ಲಿ ಊಟದ ಹೊತ್ತು. ಶುಕ್ರವಾರ ಸಂಜೆ ಮಾತ್ರ ಅವನಿಗೆ ಬಿಡುವು, ಈ ಸಲ ಅವರ ಮದುವೆಯ ದಿನವೂ ಶುಕ್ರವಾರವೇ ಬಂದಿತ್ತು. ಅದಕ್ಕೇ ಹೊಸ ಮಾಲ್‌ನ ಆ ದುಬಾರಿ ಥಿಯೇಟರಿಗೆ ಎರಡೇ ಎರಡು ಟಿಕೆಟ್ ತಂದೆ. ಕಾಲು ಚಾಚಿದರೆ ಹಾಸಿಗೆಯಾಗುವ ಕುರ್ಚಿ, ಹೊದೆಯಲು ಕಂಬಳಿ, ತಿಂದಷ್ಟೂ ಪಾಪ್‌ಕಾರ್ನ್, ಗುಂಡಿ ಒತ್ತಿದರೆ ಆಳು.

"ಇದೇನಕ್ಕ, ಎರಡೇ?" ಗ್ಲೆಂಡಾ ಟಿಕೆಟ್ ತಿರುಗಿಸಿ ಮುರುಗಿಸಿ ನೋಡಿದಳು. "ಅತ್ತೆಗೆ?"

"ನಿಮ್ಮತ್ತೆಗೂ ಮದುವೆ ದಿನವೇನೇ? ಸುಮ್ನೆ ಹೋಗ್ಬಾ."

"ಜೆಮಾ?"

"ನಿನ್ನ ಮಗಳಿಗೆ ಹದಿನಾಲ್ಕು ವರ್ಷ, ನನ್ನ ಜೊತೆ ಇರ್ತಾಳೆ. ಇನ್ನೂ ಯಾರ ಹೆಸರು ಹೇಳ್ತೀಯ? ಬೀದಿ ನಾಯಿದಾ?"

ಅವಳು ನಕ್ಕಳು. ಟಿಕೆಟನ್ನು ಬಟ್ಟೆಯ ಕಪಾಟಿನಲ್ಲಿ ಹೇರ್‌ಪಿನ್ನು, ಬಳೆ ಇಡುವ ಡಬ್ಬಿಯಲ್ಲಿಟ್ಟಳು.

ಮಂಗಳವಾರ ಸುದ್ದಿ ಬಂತು. ನದಿಯಾಚೆ ಮೊಂಟಲ್ಬಾನಿನಲ್ಲಿ ಲುಮಿಂಗ್ ಚಿಕ್ಕಮ್ಮ ತೀರಿಕೊಂಡಳು.

ಚಿಕ್ಕಮ್ಮ ಅಂದರೆ ರಕ್ತಸಂಬಂಧವಲ್ಲ. ಅಮ್ಮನೂ ಅವಳೂ ಮೂವತ್ತೈದು ವರ್ಷ ಒಂದೇ ಶೂ ಕಾರ್ಖಾನೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತು ಹೊಲಿದವರು. ನಮ್ಮಲ್ಲಿ ಸತ್ತವರನ್ನು ಬರಿಗಾಲಲ್ಲಿ ಕಳಿಸುತ್ತಾರೆ. ಶೂ ಹಾಕಿ ಕಳಿಸಿದರೆ ಮನೆಯಲ್ಲಿ ಅವರ ನಡಿಗೆಯ ಸದ್ದು ಕೇಳುತ್ತದಂತೆ. ಲುಮಿಂಗ್ ಚಿಕ್ಕಮ್ಮನಿಗೆ ಇದೊಂದು ದೊಡ್ಡ ತಕರಾರು. ಕ್ರಿಸ್‌ಮಸ್‌ಗೆ ಬಂದಾಗಲೆಲ್ಲ ಅಮ್ಮನನ್ನು ಕೆಣಕುತ್ತಿದ್ದಳು: "ಊರಿಗೆಲ್ಲ ಶೂ ಹೊಲಿದವಳನ್ನ ಬರಿಗಾಲಲ್ಲಿ ಕಳಿಸ್ತೀಯೇನೇ ಪ್ರಿಸ್ಕಾ? ನಾಚಿಕೆ ಆಗಲ್ವಾ ನಿಂಗೆ?"

"ಸದ್ದಾಗದ ಶೂ ಹೊಲಿದು ನನ್ನ ಕೈಯಾರೆ ಹಾಕ್ತೀನಿ, ಬಾಯ್ಮುಚ್ಚು," ಅನ್ನುತ್ತಿದ್ದಳು ಅಮ್ಮ.

ಸುದ್ದಿ ಕೇಳಿ ಅಮ್ಮ ಅಳಲಿಲ್ಲ. "ಲೊಯ್ಡಾ, ನನ್ನ ಹಳೇ ಡಬ್ಬ ಇಳಿಸು," ಎಂದಳು ನನಗೆ. ದಬ್ಬಣ, ಮೇಣದ ದಾರ, ಮೆತ್ತನೆ ಕರುವಿನ ಚರ್ಮ. ಕೆಳಗೆ ಅಟ್ಟೆಯ ಬದಲು ನಾಲ್ಕು ಮಡಿಕೆ ಉಣ್ಣೆ ಬಟ್ಟೆ. ಅಳತೆಗೆ ಅಚ್ಚೂ ಬೇಕಾಗಲಿಲ್ಲ, ಚೀಟಿಯೂ ಬೇಕಾಗಲಿಲ್ಲ. "ಅವಳ ಎಡಗಾಲಿನ ಹೆಬ್ಬೆರಳ ಹತ್ತಿರ ಗಂಟಿದೆ, ಅಲ್ಲಿ ಸ್ವಲ್ಪ ಸಡಿಲ ಬಿಡ್ಬೇಕು," ಎಂದು ತನಗೆ ತಾನೇ ಹೇಳಿಕೊಂಡು ಹೊಲಿದಳು. ಎಪ್ಪತ್ತಾರು ವರ್ಷದ ಕೈ. ಎರಡು ಸಲ ದಬ್ಬಣ ಬೆರಳಿಗೆ ಹೊಕ್ಕಿತು.

"ಶುಕ್ರವಾರ ಸಂಜೆ ರಮಿಲ್‌ಗೆ ಬಿಡುವಲ್ವಾ? ಅವತ್ತೇ ಹೋಗೋಣ," ಎಂದಳು ಬುಧವಾರ ಊಟಕ್ಕೆ ಕೂತಾಗ.

ಗ್ಲೆಂಡಾ ಅನ್ನದ ಚಮಚ ಕೆಳಗಿಟ್ಟಳು. ರಮಿಲ್ ನನ್ನ ಮುಖ ನೋಡಿದ. ನಾನು ಒಣಮೀನಿನ ಮುಳ್ಳು ಬಿಡಿಸುತ್ತಾ, "ಶುಕ್ರವಾರ ಗಾಡಿ ಗ್ಯಾರೇಜಿಗೆ ಹೋಗುತ್ತಲ್ಲಮ್ಮ, ಬ್ರೇಕ್ ಸರಿಯಿಲ್ಲ. ಶನಿವಾರ ಬೆಳಗ್ಗೆ ಹೋಗೋಣ. ಏನ್ ಅವಸರ?" ಎಂದೆ. ಸುಳ್ಳು ಅಷ್ಟು ಸಲೀಸಾಗಿ ಬಂತು ನೋಡಿ, ನನಗೇ ಆಶ್ಚರ್ಯವಾಯಿತು.

"ಅಷ್ಟರೊಳಗೆ ಹೂಳಿಬಿಟ್ರೆ?"

"ಚಿಕ್ಕಮ್ಮನ ಮಗ ಹಡಗಿನ ಕೆಲಸದಿಂದ ಬರ್ಬೇಕಲ್ಲ. ಅವನು ಬರೋವರೆಗೆ ಪೆಟ್ಟಿಗೆ ಮುಚ್ತಾರಾ?"

ಇದು ಎಲ್ಲರಿಗೂ ಗೊತ್ತಿರುವ ಮಾತು. ದೂರದ ಮಗ ಬರುವವರೆಗೂ ಹೆಣ ಕಾಯುವ ಜಾಗರಣೆ ನಡೆಯುತ್ತದೆ, ವಾರವಾದರೂ ಹತ್ತು ದಿನವಾದರೂ. ಅಮ್ಮ ಒಪ್ಪಿದಳು.

ಊಟವಾದಮೇಲೆ ಖಾತ್ರಿ ಮಾಡಿಕೊಳ್ಳೋಣವೆಂದು ಲುಮಿಂಗ್ ಚಿಕ್ಕಮ್ಮನ ಮಗಳು ಎಡ್ನಾಗೆ ಫೋನ್ ಮಾಡಿದೆ. ನನ್ನ ಫೋನಿನಲ್ಲಿ ಕರೆನ್ಸಿ ಇರಲಿಲ್ಲ, ರಮಿಲ್‌ನ ಫೋನಿನಿಂದ ಮಾಡಿದೆ. "ಅಣ್ಣ ಬಂದ್ರೆ ಹೂಳೋದು ಭಾನುವಾರ ಅಕ್ಕ," ಎಂದಳು ಎಡ್ನಾ. "ರಜ ಸಿಗದೇ ಹೋದ್ರೆ ಶನಿವಾರ ಬೆಳಗ್ಗೇನೇ ಮುಗಿಸ್ತೀವಿ. ನೋಡ್ಬೇಕು."

ಆ ಎರಡನೆಯ ಮಾತನ್ನು ನಾನು ಯಾರಿಗೂ ಹೇಳಲಿಲ್ಲ. ತಮ್ಮನಿಗೂ ಇಲ್ಲ, ಗ್ಲೆಂಡಾಳಿಗೂ ಇಲ್ಲ. ಹೇಳಿದರೆ ಅವರು ಹೋಗುತ್ತಿರಲಿಲ್ಲ. ತಾಯಿ ಸತ್ತಾಗ ಮಗನಿಗೆ ರಜ ಕೊಡದೆ ಇರುತ್ತಾರೆಯೇ ಎಂದುಕೊಂಡೆ. ಬೇರೆ ಬಾಡಿಗೆ ಕಾರು ಮಾಡಿ ಅಮ್ಮನನ್ನು ನಾನೇ ಕರೆದುಕೊಂಡು ಹೋಗಬಹುದಿತ್ತು. ಹೋದೆನೆ? ಇಲ್ಲ. ನೂರಿಪ್ಪತ್ತು ಲಂಗ ಹೊಲಿಯುವುದಿತ್ತು.

ಶುಕ್ರವಾರ ನಾಲ್ಕೂವರೆಗೆ ಗ್ಲೆಂಡಾ ಹೂವಿನ ಫ್ರಾಕ್ ಹಾಕಿಕೊಂಡು ಹೊರಗೆ ಬಂದಳು. ಅಮ್ಮ ಎರಡನೆಯ ಶೂಗೆ ಕೊನೆಯ ಹೊಲಿಗೆ ಹಾಕುತ್ತಿದ್ದವಳು ಕನ್ನಡಕದ ಮೇಲಿಂದ ನೋಡಿದಳು.

"ಗ್ಯಾರೇಜಿಗೆ ಹೋಗೋಕೆ ಲಿಪ್‌ಸ್ಟಿಕ್ಕಾ?"

"ಆಮೇಲೆ ನೂಡಲ್ಸ್ ತಿಂದ್ಕೊಂಡು ಬರ್ತೀವಿ ಅತ್ತೆ. ಮದುವೆ ದಿನ ಅಲ್ವಾ."

"ತಿನ್ನಿ, ತಿನ್ನಿ. ಮೆಕ್ಯಾನಿಕ್‌ಗೂ ತಿನ್ನಿಸಿ, ಬ್ರೇಕ್ ಗಟ್ಟಿ ಹಾಕ್ಲಿ." ಅಮ್ಮ ನಕ್ಕಳು. ಇಬ್ಬರೂ ಆಶೀರ್ವಾದಕ್ಕೆಂದು ಅವಳ ಕೈ ಹಿಡಿದು ಹಣೆಗೆ ಒತ್ತಿಕೊಂಡು ಹೊರಟರು.

ಥಿಯೇಟರಿನ ಕತೆ ನನಗೆ ಗೊತ್ತಾದದ್ದು ಮಾರನೆಯ ಬೆಳಗ್ಗೆ. ಗ್ಲೆಂಡಾ ಪಾತ್ರೆ ತೊಳೆಯುತ್ತಾ ಪಿಸುಗುಟ್ಟಿ ಹೇಳಿದಳು, ಆಚೆ ಅಮ್ಮನಿಗೆ ಕೇಳಬಾರದೆಂದು.

"ಅಕ್ಕ, ನಿಮ್ಮ ತಮ್ಮನ ಮರ್ಯಾದೆ ಏನ್ ಹೇಳ್ಲಿ. ಕುರ್ಚಿ ಎತ್ತೋ ಗುಂಡಿ ಅಂತ ಆಳನ್ನ ಕರೆಯೋ ಗುಂಡಿ ಒತ್ತಿದ. ಮೂರು ಸಲ! ಮೂರು ಸಲಾನೂ ಆ ಹುಡುಗಿ ಬಂದು 'ಏನ್ ಬೇಕು ಸಾರ್' ಅಂದ್ಲು, ಮೂರು ಸಲಾನೂ ಇವನು ನೀರು ಕೇಳ್ದ."

"ಆಮೇಲೆ?"

"ಆಮೇಲೇನು, ಕಂಬಳಿ ಹೊದ್ದ, ಗೊರಕೆ ಹೊಡ್ದ. ಹತ್ತು ನಿಮಿಷ ಆಗಿರ್ಲಿಲ್ಲ."

"ಎಬ್ಬಿಸ್ಬೇಕಿತ್ತು!"

"ಪಾಪ, ನಾಲ್ಕಕ್ಕೆ ಎದ್ದೋನು. ನಾನೊಬ್ಳೇ ನೋಡ್ದೆ." ಅವಳು ಸೋಪಿನ ಕೈಯಲ್ಲೇ ಕಣ್ಣೊರೆಸಿಕೊಂಡಳು. ಸಿನಿಮಾದಲ್ಲಿ ಒಬ್ಬಳು ಲಾಂಡ್ರಿ ಅಂಗಡಿಯವಳು, ಗಿರಾಕಿಯೊಬ್ಬ ಬಿಟ್ಟುಹೋದ ಅಂಗಿಯನ್ನು ವರ್ಷಗಟ್ಟಲೆ ಇಸ್ತ್ರಿ ಮಾಡಿ ಇಡುತ್ತಾಳಂತೆ, ಅದೇ ಕತೆ. ಮೊದಲಿಂದ ಕೊನೆಯವರೆಗೆ, ಯಾರ್ಯಾರು ಏನೇನು ಅಂದರು ಎಂಬುದನ್ನೂ ಬಿಡದೆ ಹೇಳಿದಳು. "ಎರಡು ಗಂಟೆ ಯಾರೂ ನನ್ನ ಕರೀಲಿಲ್ಲ ಅಕ್ಕ. ಫೋನ್ ಕೂಡ ಆರಿಸಿಬಿಡು ಅಂದೆ ಇವನಿಗೆ. ಬೆಳಗಾಗೋವರೆಗೂ ಹಾಕ್ಬೇಡ, ಇದೊಂದು ದಿನ ಯಾವ ಮಗುವಿನ ತಾಯೀನೂ ನಿನ್ನ ಕೂಗೋದು ಬೇಡ ಅಂತ."

ಅಷ್ಟು ಹೊತ್ತಿಗೆ ಅಮ್ಮ ಕಪ್ಪು ಉಡುಪು ಹಾಕಿಕೊಂಡು ಬಾಗಿಲ ಬಳಿ ಕೂತು ಒಂದು ಗಂಟೆಯಾಗಿತ್ತು. ತೊಡೆಯ ಮೇಲೆ ಕಾಗದದ ಚೀಲ, ಅದರೊಳಗೆ ಶೂ. ಹೊರಡುವುದು ಹತ್ತಕ್ಕೆ ಎಂದರೂ ಕೇಳಿರಲಿಲ್ಲ.

ಎಂಟು ಗಂಟೆಗೆ ರಮಿಲ್ ಎದ್ದು ಬನ್ನು ಕಾಫಿಗೆ ಅದ್ದುತ್ತಾ ಫೋನ್ ಹಾಕಿದ. ಅದು ಟಣ್ ಟಣ್ ಅನ್ನುತ್ತಲೇ ಇತ್ತು. ಅವನ ಮುಖ ಇಳಿಯಿತು.

"ಯಾರದೋ ಅದು?" ಅಮ್ಮ ಕೇಳಿದಳು.

"ಎಡ್ನಾದು." ಅವನು ಓದಿದ, ಓದದೇ ಬಿಡುವಂತಿರಲಿಲ್ಲ. "ಅಣ್ಣನಿಗೆ ರಜ ಸಿಗಲಿಲ್ಲ. ನಾಳೆ ಬೆಳಗ್ಗೆ ಏಳಕ್ಕೆ ಹೂಳ್ತೀವಿ. ಪ್ರಿಸ್ಕಾ ಚಿಕ್ಕಮ್ಮನ್ನ ಇವತ್ತೇ ಕರ್ಕೊಂಡು ಬನ್ನಿ. ಎಷ್ಟೊತ್ತಾದ್ರೂ ಕಾಯ್ತೀವಿ."

"ಯಾವಾಗ ಬಂದಿದ್ದು?"

"ನಿನ್ನೆ ಆರು ಗಂಟೆಗೆ."

ಅಮ್ಮ ಗಡಿಯಾರ ನೋಡಿದಳು. "ಗಾಡಿ ತೆಗಿ."

"ಅಮ್ಮ, ಈಗಾಗ್ಲೇ..."

"ತೆಗಿ ಅಂದೆ."

ನಾವು ತಲುಪಿದಾಗ ಸ್ಮಶಾನದಲ್ಲಿ ಒಬ್ಬ ಗಾರೆಯವನು ಮಾತ್ರ ಇದ್ದ. ಪೆಟ್ಟಿಗೆ ಒಳಗಿಟ್ಟ ಗೋಡೆಯ ಗೂಡಿನ ಬಾಯಿಗೆ ಸಿಮೆಂಟ್ ಮೆತ್ತಿ ಮುಗಿಸಿ ಕರಣೆ ತೊಳೆಯುತ್ತಿದ್ದ. ಸಿಮೆಂಟ್ ಹಸಿಯಾಗಿಯೇ ಇತ್ತು.

"ಹಸಿ ಇದೆಯಲ್ಲಪ್ಪಾ, ತೆಗೆಯೋಕಾಗುತ್ತೆ," ಎಂದಳು ಅಮ್ಮ. "ಒಂದೇ ನಿಮಿಷ. ಕಾಲ ಹತ್ತಿರ ಇಟ್ಬಿಡ್ತೀನಿ."

"ಆಗಲ್ಲ ತಾಯಿ. ಪೆಟ್ಟಿಗೆಗೂ ಮೊಳೆ ಹೊಡೆದಾಗಿದೆ. ನನ್ನ ಕೆಲಸ ಹೋಗುತ್ತೆ."

"ಸದ್ದಾಗಲ್ಲಪ್ಪಾ, ಉಣ್ಣೆ ಬಟ್ಟೆ ಇದು, ಮುಟ್ಟಿ ನೋಡು," ಎಂದು ಅಮ್ಮ ಶೂ ಅವನ ಕೈಗೆ ಕೊಟ್ಟಳು. ಅವನು ಮುಟ್ಟಿ ನೋಡಿದ. ಪಾಪ, ಟೋಪಿ ತೆಗೆದು ನಿಂತ. ಅಮ್ಮ ಶೂಗಳನ್ನು ಗೂಡಿನ ಕೆಳಗೆ ಜೋಡಿಸಿಟ್ಟು ಬಂದಳು. ಮುಂದಿನ ವಾರ ರಮಿಲ್ ಆ ಕಡೆ ಹೋಗಿದ್ದಾಗ ಅವು ಇರಲಿಲ್ಲ, ಯಾರೋ ಎತ್ತಿಕೊಂಡು ಹೋಗಿದ್ದರು.

ವಾಪಸ್ ಬರುವಾಗ ಮುಂದಿನ ಸೀಟಿನ ಕೆಳಗೆ ಅಮ್ಮನ ಕಾಲಿಗೆ ಏನೋ ತಗುಲಿತು. ಬಗ್ಗಿ ಎಳೆದಳು. ಪ್ಲಾಸ್ಟಿಕ್ ಚೀಲದ ತುಂಬ ಪಾಪ್‌ಕಾರ್ನ್. ಜೊತೆಗೆ ಹರಿದ ಟಿಕೆಟ್, ಶುಕ್ರವಾರ, ಸಂಜೆ ಐದೂವರೆ.

ಹೊರಗೆ ಹೋದವರು ಮನೆಯಲ್ಲಿದ್ದವರಿಗೆ ಏನಾದರೂ ತಾರದೆ ಬರಲಾರರು. ಸುಳ್ಳು ಹೇಳಿ ಹೋದವರೂ ತಂದಿದ್ದರು. ತಂದಮೇಲೆ ಕೊಡುವಂತಿಲ್ಲ ಎಂದು ಹೊಳೆದು ಗಾಡಿಯಲ್ಲೇ ಬಿಟ್ಟಿದ್ದರು.

"ಗ್ಯಾರೇಜಲ್ಲಿ ಪಾಪ್‌ಕಾರ್ನ್ ಮಾರ್ತಾರಾ?" ಅಮ್ಮ ಕೇಳಿದಳು.

ರಮಿಲ್ ಗೇರ್ ಬದಲಿಸಿದ.

"ನಿಮಗೇ ಅಂತ ತಂದಿದ್ದು ಅತ್ತೆ," ಎಂದಳು ಗ್ಲೆಂಡಾ ಹಿಂದಿನ ಸೀಟಿನಿಂದ. "ಗಾಡಿ ಕೆಟ್ಟಿರ್ಲಿಲ್ಲ."

"ಯಾರ ತಲೆಯಲ್ಲಿ ಬಂದಿದ್ದು ಇದು?"

ನಾನು ಗ್ಲೆಂಡಾಳ ಪಕ್ಕದಲ್ಲೇ ಕೂತಿದ್ದೆ. ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ "ನಂದೇ," ಎಂದುಬಿಟ್ಟಳು. ನಾನು ತೆರೆದ ಬಾಯಿ ಮುಚ್ಚಿದೆ. ಗ್ಯಾರೇಜಿನ ಮಾತನ್ನೂ ಅವಳೇ ನನ್ನ ಬಾಯಲ್ಲಿ ಹೇಳಿಸಿದಳೆಂದು ಅಮ್ಮ ತಿಳಿದಳು.

ಅವತ್ತಿನಿಂದ ಅಮ್ಮ ಗ್ಲೆಂಡಾ ಮಾಡಿದ ಅಡುಗೆ ಮುಟ್ಟಲಿಲ್ಲ. ಕೋಲೂರಿಕೊಂಡು ಒಲೆಯ ಬಳಿ ನಿಂತು ತಾನೇ ಒಂದು ಒಣಮೀನು ಹುರಿದುಕೊಂಡು ಬಿಳಿ ಅನ್ನದ ಜೊತೆ ತಿನ್ನುತ್ತಿದ್ದಳು. ಸ್ನಾನಕ್ಕೆ ಮಾತ್ರ ವಿಧಿಯಿರಲಿಲ್ಲ. ಅಲ್ಲಿಯೂ ಮಾತು ಜೆಮಾಳ ಮೂಲಕ.

"ಅಜ್ಜಿ, ನೀರು ಬಿಸಿ ಸಾಕಾ ಅಂತ ಅಮ್ಮ ಕೇಳ್ತಿದ್ದಾಳೆ."

"ಸಾಕು ಅಂತ ಹೇಳು. ಗುಂಡಿ ಒತ್ತಿದ್ರೆ ಆಳು ಬರೋ ಕಡೆ ಹೋಗಿ ಬಂದೋಳು, ಅವಳಿಗೆ ಯಾಕೆ ನನ್ನ ಚಾಕರಿ ಅಂತಾನೂ ಹೇಳು."

"ಅಮ್ಮ ನಿಮ್ಮ ಬೆನ್ನು ಉಜ್ತಾ ಇಲ್ಲೇ ಇದ್ದಾಳೆ ಅಜ್ಜಿ, ಅವಳಿಗೇ ಕೇಳುತ್ತೆ."

"ಕೇಳ್ಲಿ."

ಬೀದಿಯವರು ಬಂದು ವಿಚಾರಿಸಿದರೆ "ನಮ್ಮ ಸಿನಿಮಾದವಳು ಒಳಗಿದ್ದಾಳೆ" ಅನ್ನುತ್ತಿದ್ದಳು. ಗ್ಲೆಂಡಾ ತಲೆ ತಗ್ಗಿಸಿ ಚಹಾ ತಂದಿಡುತ್ತಿದ್ದಳು. ಚಿಕ್ಕಮ್ಮನ ಆತ್ಮಕ್ಕಾಗಿ ಒಂಬತ್ತು ದಿನದ ಪ್ರಾರ್ಥನೆಯನ್ನು ಅಮ್ಮ ಮನೆಯಲ್ಲೇ ಮಾಡಿದಳು. ಒಂಬತ್ತು ದಿನವೂ ಗ್ಲೆಂಡಾ ಎಲ್ಲರ ಹಿಂದೆ, ಅಡುಗೆಮನೆಯ ಹೊಸ್ತಿಲಲ್ಲಿ ಮೊಣಕಾಲೂರಿದಳು.

ಮೂರನೆಯ ವಾರ ಅಡುಗೆಮನೆಯಲ್ಲಿ ಗಂಡ ಹೆಂಡತಿ ಮಾತಿಗೆ ಮಾತು ಬೆಳೆಸಿದರು. ನಾನು ಮಷೀನ್ ನಿಲ್ಲಿಸಿ ಕೇಳಿದೆ.

"ನೀನೊಂದು ಮಾತು ಆಡಲ್ಲ ರಮಿಲ್. ಅಲ್ಲೂ ಮಲಗಿದ್ದೆ, ಇಲ್ಲೂ ಮಲಗಿದೀಯ."

"ಏನ್ ಆಡ್ಲಿ? ಅಕ್ಕನ ಹೆಸರು ಹೇಳ್ಲಾ? ಆಮೇಲೆ ಅಮ್ಮನೂ ಅಕ್ಕನೂ ಒಂದೇ ಕೋಣೆಯಲ್ಲಿ ಹೇಗಿರ್ತಾರೆ?"

"ನಾನು ಒಂದೇ ಮನೆಯಲ್ಲಿ ಹೇಗಿದೀನಿ ಅಂತ ಯಾರಾದ್ರೂ ಕೇಳಿದ್ರಾ?"

ನಾನು ಜೋರಾಗಿ ಮಷೀನ್ ತುಳಿದೆ.

ಮಾರನೆಯ ದಿನ ಬಟ್ಟೆ ಒಣಹಾಕುತ್ತಿದ್ದ ಅವಳ ಬಳಿ ಹೋದೆ. "ಗ್ಲೆಂಡಾ, ನೀನ್ಯಾಕೆ ನನ್ನ ಹೆಸರು ಹೇಳ್ಲಿಲ್ಲ?"

ಅವಳು ಕ್ಲಿಪ್ಪನ್ನು ಬಾಯಿಂದ ತೆಗೆದಳು. "ಹದಿನೈದು ವರ್ಷದಲ್ಲಿ ನಂಗೆ ಅಂತ ಯಾರಾದ್ರೂ ಏನಾದ್ರೂ ಮಾಡಿದ್ರೆ ಅದು ನೀವು ಅಕ್ಕ. ನಿಮ್ಮನ್ನ ನಾನು ಹಿಡಿದುಕೊಡ್ಲಾ? ನೀವೇ ಹೇಳ್ತೀರ ಅಂತ ಕಾಯ್ತಿದೀನಿ."

"ಹೇಳ್ತೀನಿ ಕಣೆ. ಖಂಡಿತ ಹೇಳ್ತೀನಿ."

ಹೇಳಲಿಲ್ಲ. ನನಗೆ ಗಂಡನಿಲ್ಲ, ಮಕ್ಕಳಿಲ್ಲ. ಆ ಮನೆಯಲ್ಲಿ ನನಗೆ ಅಂತ ಇದ್ದದ್ದು ಅಮ್ಮ ಬಂದವರ ಮುಂದೆಲ್ಲ ಆಡುತ್ತಿದ್ದ ಒಂದು ಮಾತು, "ನಮ್ಮ ಲೊಯ್ಡಾ ನನಗೆ ಎದುರಾಡಿದವಳಲ್ಲ, ಸುಳ್ಳು ಹೇಳಿದವಳಲ್ಲ." ಅದನ್ನು ಕಳೆದುಕೊಳ್ಳಲು ನನಗೆ ಹೆದರಿಕೆ. ದಿನಾ ಬೆಳಗ್ಗೆ ಇವತ್ತು ಹೇಳುತ್ತೇನೆ ಎಂದು ಏಳುವುದು, ಒಣಮೀನಿನ ವಾಸನೆ ಬರುತ್ತಲೂ ನಾಳೆ ಎಂದು ಮಷೀನಿಗೆ ಕೂರುವುದು. ಥೂ, ನನ್ನ ಜನ್ಮಕ್ಕಿಷ್ಟು.

ನಲವತ್ತನೆಯ ದಿನದ ಪ್ರಾರ್ಥನೆಗೆ ಮೊಂಟಲ್ಬಾನಿಗೆ ಎಲ್ಲರೂ ಹೋದೆವು. ಪ್ರಾರ್ಥನೆ ಮುಗಿದು ಊಟಕ್ಕೆ ಕೂತಾಗ ಅಮ್ಮ ಎಡ್ನಾಳ ಕೈ ಹಿಡಿದುಕೊಂಡಳು. "ನಿಮ್ಮಮ್ಮನಿಗೆ ಮಾತು ಕೊಟ್ಟು ತಪ್ಪಿದೆ ಮಗಳೇ. ನಂಗೆ ಗೊತ್ತಿರ್ಲಿಲ್ಲ. ನಮ್ಮ ಸೊಸೆ ಮಾಡಿದ್ದು."

ಎಡ್ನಾಳಿಗೆ ಏನೂ ಗೊತ್ತಿಲ್ಲ, ಪಾಪ. "ಬಿಡಿ ಚಿಕ್ಕಮ್ಮ, ನಮಗೂ ಕೊನೇ ಗಳಿಗೆಯಲ್ಲೇ ತೀರ್ಮಾನ ಆಗಿದ್ದು. ಅಣ್ಣನಿಗೆ ರಜ ಸಿಗದಿದ್ರೆ ಶನಿವಾರ ಬೆಳಗ್ಗೇನೇ ಅಂತ ಬುಧವಾರ ಲೊಯ್ಡಾ ಅಕ್ಕನಿಗೆ ಹೇಳಿದ್ದೆನಲ್ಲ," ಎಂದು ನನ್ನ ತಟ್ಟೆಗೆ ಇನ್ನೊಂದು ಸೌಟು ನೂಡಲ್ಸ್ ಬಡಿಸಿದಳು.

ಗ್ಲೆಂಡಾ ನನ್ನ ಕಡೆ ತಿರುಗಿದಳು. ಆ ಮಾತು ಅವಳಿಗೂ ಹೊಸದು. ಗುಟ್ಟು ಕಾಯ್ದವಳಿಗೆ ಗುಟ್ಟೆಷ್ಟು ದೊಡ್ಡದೆಂದು ಗೊತ್ತೇ ಇರಲಿಲ್ಲ.

ಅಮ್ಮ ತಟ್ಟೆಯಲ್ಲಿದ್ದದ್ದನ್ನು ಮುಗಿಸಿ ಎದ್ದಳು. ಗಾಡಿ ನದಿ ದಾಟಿದ ಮೇಲೆ, ಹಿಂದೆ ತಿರುಗದೆ ಕೇಳಿದಳು.

"ಲೊಯ್ಡಾ. ಟಿಕೆಟ್ ಯಾರು ತಂದಿದ್ದು?"

"ನಾನು."

"ಗಾಡಿ ಕೆಟ್ಟಿದೆ ಅಂತ ನಿಂಗೆ ಹೇಳ್ಕೊಟ್ಟಿದ್ದು ಯಾರು?"

"ಯಾರೂ ಹೇಳ್ಕೊಡ್ಲಿಲ್ಲಮ್ಮ. ನಾನೇ ಹೇಳಿದ್ದು."

"ಶನಿವಾರ ಹೂಳ್ಬಹುದು ಅಂತ ಗೊತ್ತಿತ್ತು."

"ಗೊತ್ತಿತ್ತು."

"ನಲವತ್ತು ದಿನ," ಎಂದಳು ಅಮ್ಮ. "ನಲವತ್ತು ದಿನ ಆ ಹುಡುಗಿ ಕೈಯಲ್ಲಿ ಬೆನ್ನು ಉಜ್ಜಿಸ್ಕೊಂಡು, ಅವಳ ಮೇಲೇ ಉಗಿದೆ. ನೀನು ಕೂತು ನೋಡ್ದೆ." ನನ್ನ ಜೊತೆ ಆಮೇಲೆ ಅವಳು ಮಾತಾಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ಊಟಕ್ಕೆ ಗ್ಲೆಂಡಾ ಹುಣಸೆಹುಳಿಯ ಸಾರು ಮಾಡಿದ್ದಳು, ಹಂದಿಮಾಂಸ ಹಾಕಿ. ಅಮ್ಮ ಒಲೆಯ ಬಳಿ ಹೋಗಲಿಲ್ಲ. ಕೋಲನ್ನು ಗೋಡೆಗೊರಗಿಸಿ ಮೇಜಿಗೆ ಬಂದು ಕೂತು ತಟ್ಟೆಯನ್ನು ಮುಂದೆ ತಳ್ಳಿದಳು. ಗ್ಲೆಂಡಾ ಬಡಿಸಿದಳು.

ಅಮ್ಮ ಎರಡು ಚಮಚ ಕುಡಿದಳು. ಸೊಸೆಯ ಹತ್ತಿರ ಕ್ಷಮಿಸು ಎಂದು ಕೇಳುವುದು ಅವಳಿಗೆ ಬಾರದು, ಯಾವತ್ತೂ ಕೇಳಿದವಳಲ್ಲ. ಚಮಚ ಕೆಳಗಿಟ್ಟು ಮೆಲ್ಲಗೆ ಕೇಳಿದಳು.

"ಆ ಸಿನಿಮಾ ಏನ್ ಕತೆ ಮಗಳೇ? ನಂಗೆ ಹೇಳು."

ಗ್ಲೆಂಡಾ ಪಾತ್ರೆಗೆ ಮುಚ್ಚಳ ಹಾಕಿದಳು. "ನೆನಪಿಲ್ಲ ಅತ್ತೆ."

"ಪೂರ್ತಿ ಬೇಡ. ನೆನಪಿರೋಷ್ಟು."

"ಏನೂ ನೆನಪಿಲ್ಲ."

"ನಗು ಬರೋದಾ, ಅಳು ಬರೋದಾ?"

"ಅದೂ ನೆನಪಿಲ್ಲ ಅತ್ತೆ. ನಿಜವಾಗ್ಲೂ." ಸುಳ್ಳಲ್ಲ ಅದು. ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಕುರ್ಚಿ, ಕಂಬಳಿ, ಲಾಂಡ್ರಿಯವಳು, ಯಾರೂ ಕರೆಯದ ಆ ಎರಡು ಗಂಟೆ, ಎಲ್ಲವನ್ನೂ ಈ ನಲವತ್ತು ದಿನದಲ್ಲಿ ತಾನೇ ಒರೆಸಿ ಹಾಕಿದ್ದಳು.

ಅಮ್ಮ ರಮಿಲ್ ಕಡೆ ನೋಡಿದಳು. "ನೀನಾದ್ರೂ ಹೇಳೋ."

"ನಾನು ಮಲಗಿದ್ದೆನಮ್ಮ," ಎಂದ ಅವನು.

ಅಮ್ಮನ ಕಣ್ಣಲ್ಲಿ ನೀರು ಬಂತು. ಲುಮಿಂಗ್ ಚಿಕ್ಕಮ್ಮ ಸತ್ತ ದಿನವೂ ಬಂದಿರಲಿಲ್ಲ. ಆ ಕತೆ ನನಗೆ ಗೊತ್ತಿತ್ತು, ಮೊದಲಿಂದ ಕೊನೆಯವರೆಗೆ. ಹೇಳೋಣವೆಂದು ಬಾಯಿ ತೆರೆದೆ. ಗ್ಲೆಂಡಾ ಬೇಡ ಎನ್ನುವಂತೆ ತಲೆಯಾಡಿಸಿದಳು. ಅವಳಿಗೆ ನಾನು ಜೀವಮಾನದಲ್ಲಿ ಕೊಟ್ಟದ್ದು ಅದೊಂದೇ ಸಂಜೆ. ಬಾಯಿ ಮುಚ್ಚಿಕೊಂಡು ಕೂತು ಅದನ್ನೂ ನಾನೇ ಕಿತ್ತುಕೊಂಡಿದ್ದೆ.